ತೋಳದ ಪಾಲು

‘ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು’ ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಇಲ್ಲ. ಕೆಟ್ಟ ದಿನ ಬಂದವನ ಮೇಲೆ ಕಂಡಕಂಡವರೆಲ್ಲ ಕೈಮಾಡುವರೆಂಬ ಅರ್ಥದಲ್ಲಿ ಅದನ್ನು ನಾವು ದಿನವೂ ಬಳಸುವೆವು. ಪದವಿ ಕಳೆದುಕೊಂಡ ಅಧಿಕಾರಿಯ ವಿಷಯದಲ್ಲಿಯೂ ದಿವಾಳಿಯೆದ್ದ ಸಾಹುಕಾರನ ವಿಷಯದಲ್ಲಿಯೂ ಅದು ನಮ್ಮ ನಾಲಗೆಗೆ ತಾನಾಗಿ ಒದಗಿಬರುತ್ತದೆ. ಆದರೆ ಗಾದೆಯೊಳಗಿನ ತೋಳವನ್ನಾಗಲಿ ಹಳ್ಳವನ್ನಾಗಲಿ ಕಲ್ಲನ್ನಾಗಲಿ ನೆನೆದು ಆಡುವವರು ಈಗ ವಿರಳ. ಈ ಮಾತು ಹುಟ್ಟಿದ ಕಾಲದಲ್ಲಿ ಮೂರೂ ನಿಜವಾಗಿಯೇ ಇದ್ದುವು. ಊರ ಹೊರಗೆ ಆಳವಾದ ಗುಂಡಿಯನ್ನು ತೋಡಿ, ಮೇಲೆ ಕಡ್ಡಿ ಸೊಪ್ಪು ಹರಡಿ, ಕುರಿಮರಿಯ ಆಸೆ ತೋರಿಸಿ ತೋಳವನ್ನು ಕೆಡವುತ್ತಿದ್ದರು. ಬೆಳಗಾದ ಮೇಲೆ ಊರಿಗೆ ಊರೇ ಅಲ್ಲಿಗೆ ಹೋಗುತ್ತಿತ್ತು.

ನಮ್ಮ ನುಡಿಯಲ್ಲಿಯೂ ಕಥೆಯಲ್ಲಿಯೂ ಈ ಪ್ರಾಣಿಯಷ್ಟು ಆಳವಾಗಿ ಬೇರೂರಿರುವ ಕಾಡುಮೃಗಗಳು ಕೆಲವೇ. ತೋಳ ಬಂತೆಂದು ಸುಳ್ಳು ಕೂಗಿದ ಹುಡುಗನ ಕಥೆಯನ್ನು ಕೇಳದೆ ನಮ್ಮ ಮಕ್ಕಳು ಶಾಲೆಯ ಮೊದಲ ತರಗತಿಗಳನ್ನು ದಾಟುವುದಿಲ್ಲ. ಭಾರತದ ಭೀಮಸೇನನಿಗೆ ವೃಕೋದರನೆಂದು ಹೆಸರು. ತೋಳದ ಹೊಟ್ಟೆಯಂಥ ಹೊಟ್ಟೆಯುಳ್ಳವನು, ಎಷ್ಟು ಉಂಡರೂ ತಣಿಯದವನು ಎಂದು ಅದರ ಅರ್ಥ. ಚಿಂತಾಮಣಿ, ಶಿಡ್ಲಘಟ್ಟಗಳ ಕಡೆಯಲ್ಲಿ ಮನೆಯ ಜಗಲಿಯ ಮೇಲೆ ಕನ್ನಡವೂ ಕುರಿಯ ರೊಪ್ಪದಲ್ಲಿ ತೆಲುಗೂ ನಡೆಯುವುದರಿಂದ ಅಲ್ಲಿ ಇದಕ್ಕೆ ತೋಡೇಲು ಎಂಬ ಹೆಸರೂ ಉಂಟು. ಎರಡು ಭಾಷೆಗಳಲ್ಲಿಯೂ ಬೈಸಿಕೊಳ್ಳುವ ಭಾಗ್ಯ ನಮ್ಮ ಸೀಮೆಯ ತೋಳಕ್ಕೆ ಲಭಿಸಿದೆ. ಇಷ್ಟಾಗಿಯೂ, ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಬಯಲಿನಲ್ಲಿ ನಿಂತ ತೋಳವನ್ನು ಕಣ್ಣಾರೆ ಕಂಡವರು ಎಷ್ಟು ಮಂದಿ ಇದ್ದಾರು?

ನನ್ನ ಸೋದರಮಾವನವರು ಕಂಡವರು. ಅವರಿಗೆ ಈಗ ಎಂಬತ್ತು ದಾಟಿದೆ. ಗೌರಿಬಿದನೂರು ತಾಲೂಕಿನ ಒಂದು ಹಳ್ಳಿಯಲ್ಲಿ ಅವರ ಜಮೀನು. ಬೆಳೆ ಕಾಯುವುದಕ್ಕೆಂದು ರಹದಾರಿ ಪಡೆದ ಒಂಟಿನಳಿಗೆಯ ಕೋವಿಯೊಂದು ಅವರ ತಂದೆಯ ಕಾಲದಿಂದಲೂ ಆ ಮನೆಯಲ್ಲಿದೆ. 1972ರಲ್ಲಿ ವನ್ಯಜೀವಿ ಸಂರಕ್ಷಣೆಯ ಕಾನೂನು ಬರುವುದಕ್ಕೆ ಮುಂಚೆ ಅವರು ಒಳ್ಳೆಯ ಬೇಟೆಗಾರರೆಂದು ಹೆಸರಾಗಿದ್ದರು. ಕಾನೂನು ಬಂದ ಮೇಲೆ ಬೇಟೆಯನ್ನು ಬಿಟ್ಟರು. ಬೇಟೆಯ ಮಾತನ್ನು ಮಾತ್ರ ಬಿಡಲಿಲ್ಲ. ಅವರ ವಯಸ್ಸಿನವರೂ ಅವರಿಗಿಂತ ಸ್ವಲ್ಪ ಕಿರಿಯರೂ ಆದ ನಾಲ್ಕೈದು ಮಂದಿ ಸಂಜೆಯ ವೇಳೆ ಅವರ ಜಗಲಿಗೆ ಬಂದು ಕೂಡುವರು. ಕಳೆದ ಕೆಲವು ವರ್ಷಗಳಿಂದ ಈ ಜಗಲಿಯ ಸಭೆಯಲ್ಲಿ ಒಂದೇ ದೂರು ಮತ್ತೆ ಮತ್ತೆ ಕೇಳಿಬರುತ್ತಿರುವುದನ್ನು ನಾನು ಗಮನಿಸಿದ್ದೆ. ತೋಳಗಳು ಹೆಚ್ಚಿಹೋದುವು ಎಂಬುದೇ ಆ ದೂರು.

“ನೋಡಪ್ಪಾ, ನಮ್ಮ ಕಾಲದಲ್ಲಿ ಕೋವಿಯೂ ಇತ್ತು, ತೋಳವೂ ಇತ್ತು, ಮೊಲವೂ ಇತ್ತು. ಈಗ ಕೋವಿ ಗೋಡೆಯ ಮೇಲೆ. ಮೊಲ ಎಲ್ಲಿಯೂ ಇಲ್ಲ. ತೋಳ ಮಾತ್ರ ಹಗಲು ಹೊತ್ತಿನಲ್ಲೇ ರಸ್ತೆ ದಾಟುತ್ತದೆ. ಇದರ ಅರ್ಥ ಏನು?” ಎಂದು ಮಾವನವರು ಕೇಳಿದರು. ಇನ್ನೊಬ್ಬರು ಕೌಜುಗನ ಕೂಗು ಕೇಳಿ ಎಷ್ಟು ದಿನವಾಯಿತೆಂದು ಲೆಕ್ಕಹಾಕಿದರು. ಮತ್ತೊಬ್ಬರು, ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಯಲ್ಲಿ ಇಟ್ಟುಬರಬೇಕು, ಆ ತಿಂಗಳಲ್ಲಿಯೇ ಹಂದಿಗಳು ಕಡಲೆಕಾಯಿ ಹೊಲವನ್ನು ಉತ್ತುಹಾಕುವುವು ಎಂದರು. ಪಟ್ಟಣದಲ್ಲಿ ಕುಳಿತವರು ಮೃಗಗಳನ್ನು ಪ್ರೀತಿಸುವರು, ಹಳ್ಳಿಯಲ್ಲಿರುವವರು ಅವಕ್ಕೆ ಅನ್ನ ಹಾಕುವರು ಎಂಬುದು ಆ ಸಭೆಯ ತೀರ್ಮಾನ. ಈ ಮಾತಿನಲ್ಲಿ ಕಹಿಯಿದ್ದರೂ ಸುಳ್ಳಿರಲಿಲ್ಲ. ಆದುದರಿಂದ ಅವರ ದೂರನ್ನು ಮುದುಕರ ಗೊಣಗಾಟವೆಂದು ತಳ್ಳಿಹಾಕುವುದು ನನಗೆ ಸರಿಕಾಣಲಿಲ್ಲ. ಅದು ಎಷ್ಟರಮಟ್ಟಿಗೆ ನಿಜವೆಂದು ವಿಚಾರಿಸಿ ನೋಡಬೇಕೆನಿಸಿತು. ಒಂದು ಸುಗ್ಗಿಯ ಕಾಲವೆಲ್ಲ ಬಿಡುವಾದಾಗಲೆಲ್ಲ ಈ ನಾಲ್ಕು ತಾಲೂಕುಗಳಲ್ಲಿ ಓಡಾಡಿ ಕಂಡದ್ದನ್ನೂ ಓದಿ ತಿಳಿದದ್ದನ್ನೂ ಇಲ್ಲಿ ನಿವೇದಿಸುತ್ತೇನೆ.

ಮೊದಲು ಲೆಕ್ಕದ ಮಾತು. ಬ್ರಿಟಿಷರ ಆಳಿಕೆಯಲ್ಲಿ ಹುಲಿ, ಚಿರತೆ, ತೋಳ ಮೊದಲಾದುವನ್ನು ಕೊಂದು ತಂದವರಿಗೆ ಸರ್ಕಾರವೇ ಬಹುಮಾನ ಕೊಡುತ್ತಿತ್ತು. ಚರಿತ್ರಕಾರರಾದ ಮಹೇಶ ರಂಗರಾಜನ್ ಅವರು ಆ ಕಡತಗಳನ್ನು ಶೋಧಿಸಿ, 1875ರಿಂದ 1925ರ ವರೆಗಿನ 50 ವರ್ಷಗಳಲ್ಲಿ 80,000ಕ್ಕೂ ಹೆಚ್ಚು ಹುಲಿಗಳೂ 1,50,000ಕ್ಕೂ ಹೆಚ್ಚು ಚಿರತೆಗಳೂ ಸುಮಾರು 2,00,000 ತೋಳಗಳೂ ಹೀಗೆ ಹತವಾದುವೆಂದು ತೋರಿಸಿದ್ದಾರೆ. ಹುಲಿಯನ್ನು ಕೊಂದವನ ಭಾವಚಿತ್ರ ದಿವಾನಖಾನೆಯ ಗೋಡೆಗೇರಿತು. ತೋಳವನ್ನು ಕೊಂದವನು ಅದರ ಚರ್ಮವನ್ನು ಕಚೇರಿಗೆ ಒಪ್ಪಿಸಿ ಕಾಸು ಪಡೆದು ಮನೆಗೆ ನಡೆದನು. ಆದುದರಿಂದಲೇ ಹುಲಿಯ ಅಳಿವು ನಮಗೆ ತಿಳಿಯಿತು, ತೋಳದ ಅಳಿವು ತಿಳಿಯಲಿಲ್ಲ. ಇಂದು ಭಾರತದೇಶದಲ್ಲೆಲ್ಲ ಉಳಿದಿರುವ ತೋಳಗಳು ಮೂರು ಸಾವಿರದ ಆಸುಪಾಸಿನಲ್ಲಿವೆ ಎಂದು ತಜ್ಞರ ಅಂದಾಜು. ಕರ್ನಾಟಕವೊಂದರಲ್ಲಿಯೇ 2022ರ ಎಣಿಕೆಯಂತೆ 1,879 ಚಿರತೆಗಳಿದ್ದುವು. ಒಂದು ರಾಜ್ಯದ ಚಿರತೆಗಳನ್ನು ಇಮ್ಮಡಿಸಿದರೆ ಇಡೀ ದೇಶದ ತೋಳಗಳನ್ನು ಮೀರುವುದೆಂದ ಮೇಲೆ, ಹೆಚ್ಚಿಹೋದ ಪ್ರಾಣಿಯೆಂದು ಇದನ್ನು ಕರೆಯುವುದು ಕಷ್ಟ.

ಹಾಗಾದರೆ ಮಾವನವರ ಕಣ್ಣು ಮೋಸಹೋಯಿತೆ? ಅದನ್ನೂ ನಾನು ಒಪ್ಪಲಾರೆ. ಐವತ್ತು ವರ್ಷ ಗುಡ್ಡ ತಿರುಗಿದವರ ಕಣ್ಣು ಅದು. ಅವರು ಹೆಚ್ಚು ತೋಳಗಳನ್ನು ಕಾಣುತ್ತಿರುವುದು ನಿಜವೇ ಇರಬಹುದು. ಹೆಚ್ಚು ತೋಳಗಳು ಇವೆಯೆಂಬುದು ಬೇರೆ ಮಾತು. ಈ ಎರಡಕ್ಕೂ ಇರುವ ಅಂತರವನ್ನು ತಿಳಿಯಬೇಕಾದರೆ ತೋಳದ ಸಂಸಾರ ನಡೆಯುವ ಬಗೆಯನ್ನು ತಿಳಿಯಬೇಕು.

ನಮ್ಮ ತೋಳವು ದಟ್ಟ ಕಾಡಿನ ಪ್ರಾಣಿಯಲ್ಲ. ಅದಕ್ಕೆ ಬೇಕಾದುದು ಬಯಲು, ಕುರುಚಲು, ಬಂಡೆ, ಹುಲ್ಲು. ಉತ್ತರ ಪಿನಾಕಿನಿಯು ಹುಟ್ಟುವ ನಂದಿಯ ಸುತ್ತಿನ ಬೆಟ್ಟಗಳಿಂದ ಹಿಡಿದು ಗೌರಿಬಿದನೂರಿನ ಬಯಲಿನ ವರೆಗೆ, ಇತ್ತ ಚಿಂತಾಮಣಿಯ ಅಂಬಾಜಿದುರ್ಗದ ಮಗ್ಗುಲವರೆಗೆ ಹರಡಿರುವ ಜಾಲಿ, ಕಾರೆ, ಬಂದರಿ, ತಂಗಡಿಗಳ ನೆಲವು ಅದಕ್ಕೆ ಹೇಳಿಮಾಡಿಸಿದಂಥದು. ಗಂಡು ಹೆಣ್ಣು ಜೋಡಿಯಾಗಿ ಬಾಳಿ, ಹಿಂದಿನ ವರ್ಷದ ಮಕ್ಕಳನ್ನು ಜೊತೆಯಲ್ಲಿ ಇಟ್ಟುಕೊಂಡು ಸಣ್ಣ ಕುಟುಂಬವಾಗಿ ಇರುವುವು. ಎರಡು ತಿಂಗಳ ಗರ್ಭದ ಬಳಿಕ ಚಳಿಗಾಲದಲ್ಲಿ ಬಂಡೆಯ ಸಂದಿನಲ್ಲೋ ಮಣ್ಣಿನ ಬಿಲದಲ್ಲೋ ನಾಲ್ಕಾರು ಮರಿಗಳನ್ನು ಹಾಕುವುವು. ಹಗಲು ಪೊದೆಯ ನೆರಳಿನಲ್ಲಿ ಮಲಗಿದ್ದು, ಮುಸ್ಸಂಜೆಯಲ್ಲಿಯೂ ನಸುಕಿನಲ್ಲಿಯೂ ಸಂಚರಿಸುವುವು. ಒಂದು ಕುಟುಂಬದ ಸಂಚಾರಕ್ಕೆ ನೂರಕ್ಕೂ ಹೆಚ್ಚು ಚದರ ಕಿಲೋಮೀಟರುಗಳ ನೆಲ ಬೇಕಾಗುವುದುಂಟು. ಒಂದೇ ಕುಟುಂಬವನ್ನು ಒಂದು ವಾರದಲ್ಲಿ ಮೂರು ಹೋಬಳಿಯವರು ಕಂಡು, ಮೂವರೂ ಬೇರೆ ಬೇರೆಯಾಗಿ ಲೆಕ್ಕ ಹಿಡಿದರೆ ಐದು ತೋಳ ಹದಿನೈದಾಗುವುದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಆ ನೆಲದ ಗತಿಯನ್ನು ನೋಡೋಣ. ಗೋಮಾಳವೆಂದು ಹಿರಿಯರು ಬಿಟ್ಟಿದ್ದ ಬಯಲು 1980ರ ದಶಕದ ಸಾಮಾಜಿಕ ಅರಣ್ಯದ ಉತ್ಸಾಹದಲ್ಲಿ ಎಷ್ಟೋ ಕಡೆ ನೀಲಗಿರಿಯ ತೋಪಾಯಿತು. ನೀಲಗಿರಿಯ ಕೆಳಗೆ ಹುಲ್ಲು ಬೆಳೆಯದು; ಹುಲ್ಲಿಲ್ಲದ ಕಡೆ ಮೊಲ ನಿಲ್ಲದು. 2017ರಲ್ಲಿ ಸರ್ಕಾರವು ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತಾದರೂ ಕಳೆದುಹೋದ ಹುಲ್ಲು ಆಜ್ಞೆಯಿಂದ ಮೊಳೆಯುವುದಿಲ್ಲ. ಬಂಡೆಯ ಗುಡ್ಡಗಳು ಚಿಕ್ಕಬಳ್ಳಾಪುರ, ಗೌರಿಬಿದನೂರುಗಳ ಸುತ್ತ ಜಲ್ಲಿಯಾಗಿ ಲಾರಿಯೇರುತ್ತಿವೆ. 2021ರ ಫೆಬ್ರವರಿಯಲ್ಲಿ ಹಿರೇನಾಗವಲ್ಲಿಯ ಬಳಿ ಸಿಡಿಮದ್ದು ಸ್ಫೋಟಿಸಿ ಆರು ಮಂದಿ ತೀರಿಕೊಂಡದ್ದು ವಾಚಕರಿಗೆ ನೆನಪಿರಬಹುದು. ಮನುಷ್ಯರ ಜೀವಕ್ಕೇ ಅಷ್ಟು ಅಗ್ಗದ ಬೆಲೆ ಕಟ್ಟಿದ ಆ ಉದ್ಯಮದಲ್ಲಿ ಬಂಡೆಯ ಸಂದಿನ ಮರಿಗಳನ್ನು ಎಣಿಸುವವರು ಯಾರು? ಉಳಿದ ಬಯಲನ್ನು ಬಡಾವಣೆಯ ಕಲ್ಲುಗಳು ಹಂಚಿಕೊಂಡಿವೆ. ಹೀಗೆ ಹೊದ್ದುಕೊಳ್ಳಲು ಪೊದೆಯಿಲ್ಲದೆ, ಮಲಗಲು ಬಂಡೆಯಿಲ್ಲದೆ ತೋಳವು ಹಗಲಿನಲ್ಲಿ ರಸ್ತೆ ದಾಟುತ್ತಿದೆ. ಮನೆ ಬಿದ್ದವನು ಬೀದಿಯಲ್ಲಿ ಹೆಚ್ಚಾಗಿ ಕಾಣಿಸುವುದು ಸಹಜವೇ ಅಲ್ಲವೆ?

ಮೊಲವೂ ಕೌಜುಗನೂ ಕಡಮೆಯಾದುದಕ್ಕೆ ತೋಳವನ್ನು ಹೊಣೆಮಾಡುವುದೂ ಹಾಗೆಯೇ. ಬಲೆ, ಉರುಳು, ತಂತಿ, ರಾತ್ರಿಯ ಬ್ಯಾಟರಿ ದೀಪ, ಬೇಸಗೆಯಲ್ಲಿ ಗುಡ್ಡಕ್ಕೆ ಹಾಕುವ ಬೆಂಕಿ, ಹೊಲಕ್ಕೆ ಹೊಡೆಯುವ ಔಷಧಿ — ಇಷ್ಟನ್ನೂ ದಾಟಿ ಬಂದ ಮೊಲವಲ್ಲವೆ ತೋಳಕ್ಕೆ ಸಿಕ್ಕಬೇಕಾದುದು? ಇದನ್ನು ನಾನು ಜಗಲಿಯಲ್ಲಿ ಹೇಳಿದಾಗ ಮಾವನವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಉರುಳು ಹಾಕುವವನು ಬೇಟೆಗಾರನಲ್ಲ, ಕಳ್ಳ” ಎಂದರು. ಆ ಮಾತಿನಲ್ಲಿ ಹಳೆಯ ಕಾಲದ ಒಂದು ಮರ್ಯಾದೆಯಿತ್ತು. ಗಬ್ಬದ ಪ್ರಾಣಿಯನ್ನು ಹೊಡೆಯಬಾರದು, ನೀರಿಗೆ ಬಂದುದನ್ನು ಹೊಡೆಯಬಾರದು ಎಂಬ ಕಟ್ಟುಗಳನ್ನು ಅವರು ತಮ್ಮ ತಂದೆಯಿಂದ ಕಲಿತಿದ್ದರು. ಸಂಸ್ಥಾನದ ಕಾಲದಲ್ಲಿ, 1901ರಷ್ಟು ಹಿಂದೆಯೇ, ಮೈಸೂರಿನಲ್ಲಿ ಬೇಟೆಯ ಪ್ರಾಣಿಗಳನ್ನೂ ಮೀನುಗಳನ್ನೂ ಕುರಿತು ಕಾಯಿದೆಯಿತ್ತು. ಆದರೆ ಹಳ್ಳಿಯಲ್ಲಿ ನಡೆದುದು ಕಾಯಿದೆಗಿಂತ ಹೆಚ್ಚಾಗಿ ಈ ಕಟ್ಟು.

ತೋಳ ನಿಜವಾಗಿಯೂ ಹೆಚ್ಚುತ್ತಿರುವ ದೇಶಗಳು ಉಂಟು. ಅಮೆರಿಕದ ಯೆಲ್ಲೊಸ್ಟೋನ್ ಎಂಬ ರಾಷ್ಟ್ರೀಯ ಉದ್ಯಾನದಲ್ಲಿ 1920ರ ದಶಕದಲ್ಲಿ ತೋಳವನ್ನು ಬೇರುಸಹಿತ ಕಿತ್ತುಹಾಕಿದ್ದರು. 1995 ಮತ್ತು 1996ರಲ್ಲಿ ಕೆನಡಾ ದೇಶದಿಂದ 31 ತೋಳಗಳನ್ನು ತಂದು ಅಲ್ಲಿ ಬಿಟ್ಟರು. ಅವುಗಳ ಸಂತಾನ ನೆರೆಯ ಪ್ರಾಂತಗಳಿಗೂ ಹಬ್ಬಿತು. ತಮ್ಮ ಬೇಟೆಯ ದೊಡ್ಡ ಜಿಂಕೆಗಳೆಲ್ಲ ತೋಳದ ಪಾಲಾದುವೆಂದು ಅಲ್ಲಿನ ಬೇಟೆಗಾರರು ಕೂಗೆಬ್ಬಿಸಿದರು. 2011ರಲ್ಲಿ ಮೊಂಟಾನ, ಐಡಾಹೊ ಪ್ರಾಂತಗಳಲ್ಲಿ ತೋಳಕ್ಕಿದ್ದ ಕೇಂದ್ರ ಸರ್ಕಾರದ ರಕ್ಷಣೆ ಹೋಗಿ, ಕಾಲ ಗೊತ್ತುಮಾಡಿ ಬೇಟೆಯಾಡುವುದಕ್ಕೆ ಅವಕಾಶವಾಯಿತು. ಯೂರೋಪಿನಲ್ಲಿಯೂ ತೋಳ ಹಿಂತಿರುಗಿದೆ. 2024ರ ಡಿಸೆಂಬರಿನಲ್ಲಿ ಅಲ್ಲಿನ ದೇಶಗಳು ಕೂಡಿ ಅದರ ರಕ್ಷಣೆಯನ್ನು ಒಂದು ಮೆಟ್ಟಲು ಇಳಿಸಿದುವು. ಈ ಸುದ್ದಿಗಳು ದೂರವಾಣಿಯ ಚಿತ್ರಗಳ ಮೂಲಕ ನಮ್ಮ ಹಳ್ಳಿಗಳಿಗೂ ಬರುತ್ತವೆ. ಅಲ್ಲಿ ಆಗುತ್ತಿರುವುದೇ ಇಲ್ಲಿಯೂ ಆಗುತ್ತಿದೆಯೆಂಬ ಭ್ರಮೆ ಹುಟ್ಟುತ್ತದೆ. ಅವರ ವಾದ ಅವರ ನೆಲಕ್ಕೆ ತಕ್ಕುದಾಗಿರಬಹುದು. ತಕ್ಕುದೋ ಅಲ್ಲವೋ ಅವರು ತೀರ್ಮಾನಿಸಲಿ. ಮೊದಲು ಅಳಿಸಿ, ಮತ್ತೆ ತಂದು, ಬೆಳೆಸಿ, ಎಣಿಸಿ, ಆಮೇಲೆ ಎಷ್ಟು ಸಾಕೆಂದು ಜಗಳವಾಡುವ ಅನುಕೂಲ ಅವರಿಗುಂಟು. ನಾವು ಇನ್ನೂ ಎಣಿಸಿಯೇ ಇಲ್ಲ. ಇನ್ನೊಂದು ಮಾತು: 2021ರಲ್ಲಿ ಪ್ರಕಟವಾದ ವಂಶವಾಹಿಗಳ ಸಂಶೋಧನೆಯು ನಮ್ಮ ಬಯಲುಸೀಮೆಯ ತೋಳವು ಬಹು ಪ್ರಾಚೀನವಾದ, ಬೇರೆಲ್ಲೂ ಇಲ್ಲದ ಕವಲೆಂದು ತೋರಿಸಿದೆ. ಇಲ್ಲಿ ಅಳಿದರೆ ಕೆನಡಾದಿಂದ ತಂದು ತುಂಬುವಂತಿಲ್ಲ.

ಇಷ್ಟನ್ನು ಓದಿ, ಬರೆದವನು ಪಟ್ಟಣದವನೇ ಇರಬೇಕೆಂದು ವಾಚಕರು ಅಂದುಕೊಂಡರೆ ತಪ್ಪಲ್ಲ. ತೋಳದ ಪರವಾಗಿ ವಾದಿಸುವುದು ನನಗೆ ಸುಲಭ, ನನಗೆ ಕುರಿಗಳಿಲ್ಲ. ಶಿಡ್ಲಘಟ್ಟದಿಂದ ಚಿಂತಾಮಣಿಯ ಕಡೆಗೆ ಹೋಗುವಾಗ, ರಾಗಿ ಕೊಯ್ದ ಹೊಲವೊಂದರಲ್ಲಿ ಮಂದೆ ಹಾಕಿದ್ದ ಒಬ್ಬ ಕುರಿಗಾರನೊಡನೆ ಕುಳಿತು ಮಾತನಾಡುವವರೆಗೆ ಈ ವಿಷಯದ ಇನ್ನೊಂದು ಮುಖ ನನಗೆ ಸರಿಯಾಗಿ ಕಂಡಿರಲಿಲ್ಲ. ಸುತ್ತಲೂ ಬಲೆ ಕಟ್ಟಿ ಮಂದೆಯನ್ನು ಕೂಡಿದ್ದನು. ಎಳೆಯ ಮರಿಗಳನ್ನು ಬಿದಿರಿನ ದೊಡ್ಡ ಬುಟ್ಟಿಗಳ ಕೆಳಗೆ ಮುಚ್ಚಿಟ್ಟಿದ್ದನು. ಹೊಲದವರು ಗೊಬ್ಬರಕ್ಕಾಗಿ ಕೊಡುವ ಕಾಳೂ ಹಣವೂ, ವರ್ಷಕ್ಕೊಮ್ಮೆ ಟಗರು ಮಾರಿದ ದುಡ್ಡೂ ಅವನ ಜೀವನ. ಆ ತಿಂಗಳಲ್ಲಿ ಮೂರು ಮರಿಗಳು ಹೋಗಿದ್ದುವು.

“ಪರಿಹಾರಕ್ಕೆ ಅರ್ಜಿ ಕೊಟ್ಟಿದ್ದೆಯೇನಪ್ಪ?” ಎಂದೆನು.

“ಕೊಡೋದಕ್ಕೆ ಸತ್ತ ಮರಿ ಬೇಕು, ಸ್ವಾಮಿ. ಡಾಕ್ಟರು ನೋಡಬೇಕು, ಫೋಟೋ ಹಿಡೀಬೇಕು, ಪಂಚನಾಮೆ ಆಗಬೇಕು. ಹಸು ಬಿದ್ದರೆ ಹಸು ಅಲ್ಲೇ ಇರ್ತದೆ. ತೋಡೇಲು ಮರಿ ಎತ್ತಿಕೊಂಡು ಹೋದರೆ ಏನು ಉಳೀತದೆ? ಇಲ್ಲದೆ ಇರೋದನ್ನ ಹೇಗೆ ತೋರಿಸಲಿ?”

“ತೋಳವೇ ಎಂದು ಹೇಗೆ ಗೊತ್ತು? ನಾಯಿಯೂ ಇರಬಹುದಲ್ಲ?”

ಅವನು ನಕ್ಕನು. “ನಾಯಿ ಬಂದರೆ ಹತ್ತು ಕುರಿ ಕಚ್ಚಿ ಹಾಕಿ ಹೋಗ್ತದೆ, ಒಂದನ್ನೂ ನೆಟ್ಟಗೆ ತಿನ್ನೋದಿಲ್ಲ. ತೋಡೇಲಿಗೆ ಬೇಕಾದ್ದು ಒಂದು. ಅದು ಕಳ್ಳತನ ಮಾಡ್ತದೆ. ನಾಯಿ ರೌಡಿತನ ಮಾಡ್ತದೆ. ಈಚೆಗೆ ನನಗೆ ನಾಯಿಗಳ ಭಯವೇ ಜಾಸ್ತಿ.”

“ಹಾಗಾದರೆ ತೋಳ ಇದ್ದರೂ ಇರಲಿ ಎನ್ನುವೆಯಾ?”

“ಅದು ಹೇಗೆ ಅನ್ನಲಿ, ಸ್ವಾಮಿ? ಮೂರು ಮರಿ ಅಂದರೆ ಮಗಳ ಕಾಲೇಜಿನ ಫೀಜು. ಕೈಗೆ ಸಿಕ್ಕಿದರೆ ಬಿಡೋದಿಲ್ಲ. ಆದರೆ ವಿಷ ಇಡೋದಿಲ್ಲ. ವಿಷ ಇಟ್ಟರೆ ನನ್ನ ನಾಯೀನೂ ತಿಂತದೆ.”

ಈ ಮಾತನ್ನು ಎಷ್ಟು ತಿರುಗಿಸಿ ನೋಡಿದರೂ ನನಗೆ ಇದರಲ್ಲಿ ತಪ್ಪು ಕಾಣಲಿಲ್ಲ. ಅವನಿಗೆ ತೋಳದ ಮೇಲೆ ದ್ವೇಷವಿಲ್ಲ, ದಯೆಯೂ ಇಲ್ಲ. ಬದುಕಿನ ಲೆಕ್ಕ ಮಾತ್ರ ಇದೆ. ವಿಷವಿಡುವುದಿಲ್ಲವೆಂದು ಹೇಳಿದವನು ಅವನೊಬ್ಬ, ಇಡುವವರೂ ಉಂಟು. ಸತ್ತ ಕುರಿಯ ಮೈಗೆ ಹೊಲದ ಔಷಧಿ ಸವರಿಟ್ಟರೆ ತೋಳ, ನರಿ, ಹದ್ದು, ಸಾಕುನಾಯಿ ಎಲ್ಲವೂ ಒಂದೇ ರಾತ್ರಿ ಬಿದ್ದಿರುತ್ತವೆ. ಮರಿಹಾಕಿದ ಬಿಲಕ್ಕೆ ಹೊಗೆಯಿಕ್ಕುವ ಪದ್ಧತಿಯೂ ಬಯಲುಸೀಮೆಗಳಲ್ಲಿ ಹಿಂದಿನಿಂದ ಬಂದುದು. ಕಾನೂನಿನ ಪುಸ್ತಕದಲ್ಲಿ ತೋಳವು ಹುಲಿಯ ಪಕ್ಕದಲ್ಲಿ, ಮೊದಲನೆಯ ಅನುಸೂಚಿಯಲ್ಲಿದೆ. ಮನುಷ್ಯರ ಪ್ರಾಣಕ್ಕೆ ಅಪಾಯವಾದಾಗ, ಅಥವಾ ಗುಣವಾಗದ ರೋಗ ಅಂಗವಿಕಲತೆಗಳಿದ್ದಾಗ ಮಾತ್ರ, ರಾಜ್ಯದ ಮುಖ್ಯ ವನ್ಯಜೀವಿ ಪಾಲಕರ ಲಿಖಿತ ಅಪ್ಪಣೆಯಿಂದ ಅದನ್ನು ಕೊಲ್ಲಬಹುದು. ಕುರಿಯ ನಷ್ಟಕ್ಕಾಗಿ ಕೊಲ್ಲುವಂತಿಲ್ಲ. ಕಾನೂನು ಸರಿಯಾಗಿಯೇ ಇದೆ. ಆದರೆ ಕಾನೂನು ನಡುರಾತ್ರಿಯಲ್ಲಿ ರೊಪ್ಪದ ಬಳಿ ಕಾವಲಿರುವುದಿಲ್ಲ; ಕುರಿಗಾರನು ಇರುತ್ತಾನೆ.

ಮನುಷ್ಯರ ಪ್ರಾಣದ ಮಾತು ಬಂದುದರಿಂದ ಅದನ್ನೂ ಮರೆಮಾಚದೆ ಹೇಳಬೇಕು. ತೋಳವು ಮಕ್ಕಳ ಮೇಲೆ ಬೀಳುವುದೆಂಬುದು ಬರಿಯ ಅಜ್ಜಿಕಥೆಯಲ್ಲ. 1996ರಲ್ಲಿ ಉತ್ತರಪ್ರದೇಶದ ಪೂರ್ವಭಾಗದ ಹಳ್ಳಿಗಳಲ್ಲಿಯೂ, 2024ರಲ್ಲಿ ಅದೇ ರಾಜ್ಯದ ಬಹರಾಯಿಚ್ ಜಿಲ್ಲೆಯಲ್ಲಿಯೂ ಹಲವು ಮಕ್ಕಳು ತೋಳಗಳಿಗೆ ಬಲಿಯಾದರು. ತಂದೆತಾಯಿಯರು ದುಡಿಯಲು ಹೋದಾಗ, ಇಲ್ಲವೆ ಬಾಗಿಲಿಲ್ಲದ ಗುಡಿಸಲುಗಳಲ್ಲಿ ಮಲಗಿದ್ದಾಗ ಆ ಮಕ್ಕಳು ಸಿಕ್ಕಿದರು. ಕಡು ಬಡತನವೂ, ಕಾಡುಬೇಟೆಯಿಲ್ಲದೆ ಮನುಷ್ಯರ ಬಳಿ ಸುಳಿಯಬೇಕಾದ ತೋಳವೂ ಎಲ್ಲಿ ಕೂಡುವುವೋ ಅಲ್ಲಿ ಇಂಥ ದಾರುಣ ಸಂಭವಿಸುವುದು. ನಮ್ಮ ಸೀಮೆಯಲ್ಲಿ ಹಾಗಾಗದಂತೆ ನೋಡಿಕೊಳ್ಳಬೇಕಾದರೆ ತೋಳಕ್ಕೆ ಅದರ ಬಯಲಿನಲ್ಲಿಯೇ ಹೊಟ್ಟೆ ತುಂಬುವಂತಿರಬೇಕು. ಮೊಲ, ಕೃಷ್ಣಮೃಗಗಳು ಉಳಿದರೆ ಕುರಿ ಉಳಿಯುವುದು. ಹುಲ್ಲು ಉಳಿದರೆ ಮೊಲ ಉಳಿಯುವುದು. ಬೇಟೆಗಾರನ ಇಷ್ಟವೂ ಕುರಿಗಾರನ ಇಷ್ಟವೂ ತೋಳದ ಇಷ್ಟವೂ ಹೀಗೆ ಒಂದೇ ಹುಲ್ಲಿನಲ್ಲಿ ಸೇರುತ್ತವೆ.

ಹುಲ್ಲುಗಾವಲನ್ನು ಉಳಿಸಿದ ನಿದರ್ಶನಕ್ಕೆ ದೂರ ಹೋಗಬೇಕಾಗಿಲ್ಲ. ಗೌರಿಬಿದನೂರಿಗೆ ಹೊಂದಿಕೊಂಡ ಮಧುಗಿರಿ ತಾಲೂಕಿನ ಮೈದನಹಳ್ಳಿಯಲ್ಲಿ 798 ಎಕರೆ ಬಯಲನ್ನು ಜಯಮಂಗಲಿ ನದಿಯ ಹೆಸರಿನಲ್ಲಿ 2007ರಲ್ಲಿ ಕೃಷ್ಣಮೃಗಗಳ ಸಂರಕ್ಷಣೆಗಾಗಿ ಮೀಸಲಿಟ್ಟರು. ಅದೇ ವರ್ಷ ನಮ್ಮ ಚಿಕ್ಕಬಳ್ಳಾಪುರವು ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾಯಿತು. ಮೇಲುಕೋಟೆಯ ಕಾಡನ್ನು 1974ರಲ್ಲಿಯೇ ಅಭಯಾರಣ್ಯ ಮಾಡಿದುದು ಮುಖ್ಯವಾಗಿ ತೋಳಕ್ಕಾಗಿ. ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ಈಚೆಗೆ ತೋಳಕ್ಕೆಂದೇ ಒಂದು ಧಾಮವಾಗಿದೆ. ಇದಕ್ಕೆ ಮುಂಚೆ ತೋಳದ ಹೆಸರಿನ ಧಾಮವೆಂದರೆ 1976ರಲ್ಲಿ ಆಗಿನ ಬಿಹಾರದ ಮಹುವಾಡಾಂಡದಲ್ಲಿ ಸ್ಥಾಪಿತವಾದುದನ್ನು ಹೇಳುತ್ತಿದ್ದರು. ಆದರೆ ನೂರು ಚದರ ಕಿಲೋಮೀಟರು ಅಲೆಯುವ ಪ್ರಾಣಿಯನ್ನು ಕೆಲವು ನೂರು ಎಕರೆಗಳಲ್ಲಿ ಕಟ್ಟಿಹಾಕಲಾಗದು. ತೋಳದ ಬಹುಭಾಗದ ಜೀವನ ಧಾಮದ ಹೊರಗೆ, ನಮ್ಮ ಗೋಮಾಳಗಳಲ್ಲಿ, ಕೆರೆಯಂಗಳಗಳಲ್ಲಿ, ಕುರಿಗಾರನ ದಾರಿಯಲ್ಲಿಯೇ ನಡೆಯಬೇಕು. ಪಾಲಿನ ಪ್ರಶ್ನೆ ಏಳುವುದು ಇಲ್ಲಿಯೇ.

ಚಿಂತಾಮಣಿಯ ಬಳಿಯ ಕೈವಾರವೇ ಭಾರತದ ಏಕಚಕ್ರಪುರವೆಂದು ನಮ್ಮ ಸೀಮೆಯ ಹಿರಿಯರು ನಂಬಿಕೊಂಡು ಬಂದಿದ್ದಾರೆ. ಬಕಾಸುರನಿಗೆ ಆ ಊರಿನವರು ಬಂಡಿ ಅನ್ನವನ್ನೂ ಒಬ್ಬ ಮನುಷ್ಯನನ್ನೂ ಮನೆಯ ಸರದಿಯಂತೆ ಕಳುಹಿಸುತ್ತಿದ್ದರು. ವೃಕೋದರನು ಆ ಸರದಿಯನ್ನು ಮುಗಿಸಿದನು. ಆ ಕಥೆಯಲ್ಲಿ ನಮ್ಮ ಮನಸ್ಸು ಯಾವಾಗಲೂ ಭೀಮನ ಕಡೆಗೇ ಓಡುವುದು. ಕೈವಾರಕ್ಕೆ ಹೋಗಿಬಂದ ದಿನ ನನಗೆ ಮಾತ್ರ ಆ ಸರದಿಯೇ ತಲೆಯಲ್ಲಿ ಸುಳಿಯುತ್ತಿತ್ತು. ಅದು ಎಷ್ಟು ಕ್ರೂರವಾದ ಏರ್ಪಾಡಾದರೂ ಒಂದು ನ್ಯಾಯ ಅದರಲ್ಲಿತ್ತು: ಭಾರವು ಒಂದೇ ಮನೆಯ ಮೇಲೆ ಬೀಳುತ್ತಿರಲಿಲ್ಲ. ಊರಿಗೆ ಬಂದ ಕಷ್ಟವನ್ನು ಊರೆಲ್ಲ ಹೊರುತ್ತಿತ್ತು. ನಮ್ಮ ತೋಳದ ವಿಷಯದಲ್ಲಿ ಆ ಸರದಿಯೂ ಇಲ್ಲ. ಚಿತ್ರ ನೋಡಿ ಸಂತೋಷಪಡುವವರು ನಾವು. ಕಾನೂನು ಮಾಡಿದವರು ಬೆಂಗಳೂರಿನಲ್ಲಿಯೂ ದೆಹಲಿಯಲ್ಲಿಯೂ ಇರುವವರು. ದಿನವೂ ಊಟ ಕೊಡುವವನು ಮಾತ್ರ ಹೊಲದಲ್ಲಿ ಮಂದೆ ಹಾಕಿದ ಆ ಒಬ್ಬನೇ.

ಆದುದರಿಂದ ನನಗೆ ತೋಚಿದ ನಾಲ್ಕು ಮಾತುಗಳನ್ನು ಹೇಳಿಬಿಡುತ್ತೇನೆ. ಮೊದಲನೆಯದು, ಮರಿ ಹೋದವನಿಗೆ ಮರಿಯ ಹೆಣವನ್ನು ತೋರಿಸೆಂದು ಕೇಳುವ ಪದ್ಧತಿ ಹೋಗಬೇಕು. ಊರಿನ ಪಂಚಾಯಿತಿಯೂ ನೆರೆಯ ಕುರಿಗಾರರೂ ಹೆಜ್ಜೆಯ ಗುರುತೂ ಸಾಕ್ಷಿಯಾದರೆ ಸಾಕೆಂದು ಮಾಡಬೇಕು. ಅದರಿಂದ ನಾಲ್ಕು ಸುಳ್ಳು ಅರ್ಜಿಗಳು ಬಂದರೂ ನಾಲ್ಕು ವಿಷದ ತುತ್ತುಗಳಿಗಿಂತ ಅಗ್ಗವೇ. ಎರಡನೆಯದು, ಬಿಡಾಡಿ ನಾಯಿಗಳನ್ನು ಹತೋಟಿಗೆ ತರಬೇಕು. ಅವು ಕುರಿಯನ್ನು ಕೊಂದು ತೋಳದ ತಲೆಗೆ ಕಟ್ಟುವುವು. ಹುಚ್ಚನ್ನೂ ಇತರ ರೋಗಗಳನ್ನೂ ತೋಳಗಳಿಗೆ ಹರಡುವುವು. ಅಷ್ಟೇ ಅಲ್ಲದೆ ಅವುಗಳೊಡನೆ ಕೂಡಿ ತಳಿಯನ್ನೇ ಕೆಡಿಸುವುವು. ಪುಣೆಯ ಬಳಿ ಅಂಥ ಬೆರಕೆಯ ಪ್ರಾಣಿಗಳಿರುವುದು 2023ರಲ್ಲಿ ಪರೀಕ್ಷೆಯಿಂದ ಖಚಿತವಾಯಿತು. ಮೂರನೆಯದು, ಗೋಮಾಳವನ್ನು ಬರಡು ಭೂಮಿಯೆಂದು ಕಾಗದದಲ್ಲಿ ಬರೆಯುವುದನ್ನು ನಿಲ್ಲಿಸಬೇಕು. ಕುರಿ, ಕೌಜುಗ, ತೋಳ ಮೂರನ್ನೂ ಸಾಕುವ ಭೂಮಿ ಬರಡು ಹೇಗಾದೀತು?

ನಾಲ್ಕನೆಯದು ನನ್ನ ಮಾವನವರಂಥವರ ವಿಷಯ. ಯಾವ ಗುಡ್ಡದ ಯಾವ ಮಗ್ಗುಲಿನಲ್ಲಿ ತೋಳ ಮರಿಹಾಕುತ್ತಿತ್ತು, ಯಾವ ಹಳ್ಳದಲ್ಲಿ ಬೇಸಗೆಯಲ್ಲಿಯೂ ನೀರು ನಿಲ್ಲುತ್ತಿತ್ತು, ಯಾವ ವರ್ಷ ಕೃಷ್ಣಮೃಗವು ತಮ್ಮ ಕಡೆ ಕಡೆಯ ಸಲ ಕಂಡಿತು — ಇದೆಲ್ಲ ಅವರಿಗೆ ಬಾಯಿಪಾಠವಾಗಿದೆ. ಈ ವಿದ್ಯೆ ಯಾವ ಕಚೇರಿಯ ಕಡತದಲ್ಲಿಯೂ ಇಲ್ಲ. ಅದು ಇರುವುದು ಇಂಥ ಕೆಲವು ಮುದುಕರ ತಲೆಯಲ್ಲಿ; ಅವರೊಡನೆ ಅದೂ ಹೋಗುವುದು. ಬೇಟೆಗಾರರೆಂದು ಅವರನ್ನು ದೂರವಿಡುವುದಕ್ಕಿಂತ, ಎಣಿಕೆಗೆ ಹೋಗುವ ಹುಡುಗರನ್ನು ಅವರ ಜಗಲಿಗೆ ಕಳುಹಿಸುವುದು ಲೇಸು. ತೋಳ ಹೆಚ್ಚಿದೆಯೆಂದು ಅವರು ಹೇಳುತ್ತಾರಷ್ಟೆ? ಅವರೇ ಮುಂದೆ ನಿಂತು ಎಣಿಸಿ ತೋರಿಸಲಿ. ಹೆಚ್ಚಿದ್ದರೆ ಮುಂದೇನೆಂದು ಕೂಡಿ ಆಲೋಚಿಸೋಣ. ಕಡಮೆಯಿದ್ದರೆ ಆ ಮಾತನ್ನೂ ಅವರ ಬಾಯಿಂದಲೇ ಹಳ್ಳಿಗಳು ಕೇಳಲಿ. ನನ್ನಂಥವರ ಬಾಯಿಂದ ಕೇಳುವುದಕ್ಕಿಂತ ಅದನ್ನು ಹೆಚ್ಚಾಗಿ ನಂಬುವುವು. ಮಾವನವರೊಡನೆ ಈ ಸಲಹೆಯನ್ನು ಪ್ರಸ್ತಾಪಿಸಿದಾಗ ಅವರು, “ಕಾಲಿಗೆ ಶಕ್ತಿಯಿರುವಾಗ ಕೇಳಬೇಕಾಗಿತ್ತು. ಈಗಲೂ ಜೀಪು ತಂದರೆ ಬರುತ್ತೇನೆ” ಎಂದರು.

ಅವರಿಗೆ ಏಳೆಂಟು ವರ್ಷವಾಗಿದ್ದಾಗ ಅವರ ಹಳ್ಳಿಯ ಹೊರಗಿನ ಗುಂಡಿಯಲ್ಲಿ ತೋಳವೊಂದು ಬಿದ್ದಿತಂತೆ. ಗಾದೆ ಹೇಳುವಂತೆಯೇ ಎಲ್ಲವೂ ನಡೆಯಿತಂತೆ. ಕುರಿ ಕಳೆದುಕೊಂಡವರು ಮಾತ್ರವಲ್ಲ, ಕುರಿಯೇ ಇಲ್ಲದ ಶಾನುಭೋಗರ ಮನೆಯವರೂ ಅಂಗಡಿಯ ಶೆಟ್ಟರೂ ಶಾಲೆಯ ಹುಡುಗರೂ ತಮ್ಮ ತಮ್ಮ ಪಾಲಿನ ಕಲ್ಲನ್ನು ಹಾಕಿದರು. ಮಾವನವರೂ ಒಂದು ಹಾಕಿದರು. ಇದನ್ನು ಅವರು ಹೆಮ್ಮೆಯಿಂದಲೂ ಹೇಳಲಿಲ್ಲ, ಪಶ್ಚಾತ್ತಾಪದಿಂದಲೂ ಹೇಳಲಿಲ್ಲ. ಆಗ ಹಾಗೆ ನಡೆಯುತ್ತಿತ್ತು ಎಂದಷ್ಟೇ ಹೇಳಿದರು. ಆ ವೃತ್ತಾಂತದಲ್ಲಿ ನನಗೆ ಗಮನಾರ್ಹವಾಗಿ ತೋರಿದುದು ಕುರಿಯಿಲ್ಲದವರ ಕಲ್ಲು. ನಷ್ಟ ತಮ್ಮದಲ್ಲದಿದ್ದರೂ ಅವರು ಕುರಿಗಾರನ ಪಕ್ಷದಲ್ಲಿ ನಿಂತರು. ಅವನ ಕಷ್ಟ ಊರಿನ ಕಷ್ಟವೆಂದು ಎಣಿಸಿದರು. ಕೊಲ್ಲುವ ಕಾಲಕ್ಕೆ ಆಳಿಗೊಂದರಂತೆ ಹಂಚಿಕೊಂಡ ಹೊಣೆಯನ್ನು, ಉಳಿಸಬೇಕಾಗಿ ಬಂದ ಕಾಲಕ್ಕೆ ಒಬ್ಬನ ಹೆಗಲಿಗೆ ಬಿಟ್ಟು ನಾವೆಲ್ಲ ಮನೆ ಸೇರಿದೆವು. ಮೂರು ಮರಿಗಳ ಬೆಲೆಯನ್ನು ಜಿಲ್ಲೆಯ ಮನೆಗಳ ಮೇಲೆ ಹಂಚಿದರೆ ಒಂದೊಂದು ಮನೆಗೆ ಒಂದು ಕಾಸೂ ಬೀಳಲಾರದು. ಆ ಕಾಸನ್ನು ಕೊಟ್ಟ ಮೇಲೆ, ತೋಳ ಇರಲಿ ಎನ್ನುವ ಮಾತಿಗೆ ನಮ್ಮ ಬಾಯಲ್ಲಿಯೂ ಸ್ವಲ್ಪ ತೂಕ ಬಂದೀತು.